ಮಂಡಿಯೆತ್ತರದ ದೋಣಿ

ಅಥವಾ ಅದು ನೀಲಿ ಬಣ್ಣದ್ದಾಗಿರಲೇ ಇಲ್ಲವೇನೋ. ಶಿರಾದ ಗುಜರಿಯಲ್ಲಿ ನಾವು ಮೊದಲು ನೋಡಿದ ದೋಣಿ ನೀಲಿ ಎಂದೇ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಮಗಳು ತನ್ನ ಮೊಬೈಲಿನಲ್ಲಿದ್ದ ಹಳೆಯ ಚಿತ್ರವೊಂದನ್ನು ಹುಡುಕಿ ತೋರಿಸಿದಳು. ಕಿತ್ತಳೆ ಬಣ್ಣ, ಅಂಚಿಗೆ ಕಪ್ಪು ಪಟ್ಟಿ. ಅದರ ಹಿಂದೆ ಯಾವುದೋ ಲಾರಿಗೆ ಹೊದಿಸಿದ ನೀಲಿ ಟಾರ್ಪಾಲು. ಅಂದರೆ ಟಾರ್ಪಾಲಿನ ಬಣ್ಣವನ್ನು ತೆಗೆದು ನಾನು ದೋಣಿಗೆ ಬಳಿದಿದ್ದೇನೆ. ಅಷ್ಟು ದೊಡ್ಡ ವಸ್ತುವಿನ ಬಣ್ಣವನ್ನೇ ತಪ್ಪಾಗಿ ಇಟ್ಟುಕೊಂಡವಳು ಅದರ ಪಕ್ಕ ನಿಂತವರು ಆಡಿದ ಮಾತುಗಳನ್ನು ಎಷ್ಟು ಸರಿಯಾಗಿ ಇಟ್ಟುಕೊಂಡಿರುತ್ತೇನೆ? ಓದುವವರು ಈ ಅನುಮಾನ ಇಟ್ಟುಕೊಂಡೇ ಓದಲಿ. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಅನುಮಾನವಿಲ್ಲದ ಸಂಗತಿ ಒಂದಿದೆ. ನನ್ನ ಗಂಡನ ಬಲಗಾಲು ಮಂಡಿಯಲ್ಲಿ ಮಡಚುವುದಿಲ್ಲ.

ಅವರು ಬಸ್ ಡ್ರೈವರ್ ಆಗಿದ್ದರು. ಮಧುಗಿರಿಯಿಂದ ಕೊಡಿಗೇನಹಳ್ಳಿ ಮೇಲೆ ಹಿಂದೂಪುರಕ್ಕೆ ಹೋಗಿಬರುವ ದಾರಿ. ಅಪಘಾತವಾದದ್ದು ಬಸ್ಸಿನಲ್ಲಲ್ಲ, ರಜದ ದಿನ, ಸ್ಕೂಟರಿನಲ್ಲಿ. ಆಸ್ಪತ್ರೆಯಿಂದ ಬಂದಮೇಲೆ ಆ ಕಾಲು ನೇರವಾಗಿಯೇ ಉಳಿಯಿತು. ಡಿಪೋದಲ್ಲಿ ಮೇಜಿನ ಕೆಲಸ ಕೊಟ್ಟರು. ಸ್ಟಿಯರಿಂಗ್ ಹೋದದ್ದನ್ನು ಅವರು ಹೇಗೋ ನುಂಗಿಕೊಂಡರು. ನುಂಗಲಾಗದ್ದು ಭಾನುವಾರ.

ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಭಾನುವಾರವೆಂದರೆ ಕೆರೆ. ನಾನು, ಅವರು, ಮಗಳು. ಹೆಚ್ಚಾಗಿ ಕಳ್ಳಂಬೆಳ್ಳದ ಕೆರೆ, ಕೆಲವು ಸಲ ಬೇರೆ ಕಡೆ. ಡಬ್ಬಿಯಲ್ಲಿ ಚಿತ್ರಾನ್ನ, ಇನ್ನೊಂದು ಡಬ್ಬಿಯಲ್ಲಿ ಗಾಳಕ್ಕೆ ಸಿಕ್ಕಿಸಲು ರಾತ್ರಿಯ ಮುದ್ದೆಯ ಚೂರು. ಏರಿಯ ಒಳಮೈಗೆ ಕಟ್ಟಿದ ಕಲ್ಲುಗಳ ಮೇಲೆ ಇಳಿದು ನೀರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರೆ ಮಧ್ಯಾಹ್ನದವರೆಗೆ ಅವರು ಏಳುತ್ತಿರಲಿಲ್ಲ. ಕಾಲು ಹೋದಮೇಲೆ ಒಮ್ಮೆ ಹೋದರು. ಕಲ್ಲಿಳಿಯಲು ಆಗಲಿಲ್ಲ. ಏರಿಯ ಮೇಲೆ ನಿಂತೇ ಗಾಳ ಬೀಸಿದರು, ಅದು ಕೆಳಗಿನ ಪೊದೆಗೆ ಸಿಕ್ಕಿಕೊಂಡಿತು. ಯಾರೋ ಅಪರಿಚಿತರು ಇಳಿದು ಬಿಡಿಸಿ ತಂದುಕೊಟ್ಟರು. ಆವತ್ತು ಗಾಳದ ಕೋಲುಗಳು ಅಟ್ಟಕ್ಕೆ ಹೋದವು. ಭಾನುವಾರ ಅವರು ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಸುಮ್ಮನೆ ಮಲಗುತ್ತಿದ್ದರು, ಅಷ್ಟೇ.

ಆಮೇಲೆ ಒಂದು ವರ್ಷ ಮಳೆ ಬಂತು. ಎಷ್ಟೋ ಕಾಲದಿಂದ ಜಾಲಿ ಬೆಳೆದು ನಿಂತಿದ್ದ ಕೆರೆಗಳೆಲ್ಲ ತುಂಬಿ ಕೋಡಿ ಹರಿದವು. ಏರಿಗಳ ಮೇಲೆ ಜನ, ಬೈಕು, ಸೆಲ್ಫಿ, ಬಜ್ಜಿ ಗಾಡಿ. ಇವರು ಬರಲಿಲ್ಲ. ನಾನು, ಮಗಳು ಹೋಗಿದ್ದೆವು. ಆ ಏರಿಯ ಮೇಲೆ ನಿಂತಾಗಲೇ ದೋಣಿಯ ಯೋಚನೆ ಬಂದದ್ದು ಎಂದು ನನ್ನ ನೆನಪು. ಇಲ್ಲ, ಮನೆಗೆ ಬಂದು ಪಾತ್ರೆ ಉಜ್ಜುವಾಗ ಬಂದಿರಬಹುದು. ಏರಿಯ ಮೇಲೆ ಬಂದರೆ ಚೆನ್ನಾಗಿರುತ್ತದೆ, ಅದಕ್ಕೇ ಅದನ್ನು ನಂಬುವುದಿಲ್ಲ. ಯೋಚನೆ ಮಾತ್ರ ಇದು: ನೀರಿನ ಹತ್ತಿರಕ್ಕೆ ಇಳಿಯಲಾಗದಿದ್ದರೆ ನೀರಿನ ಮೇಲೆಯೇ ಕೂರಬೇಕು. ಹಲಗೆಯ ಮೇಲೆ, ಕಾಲು ಚಾಚಿಕೊಂಡು.

ಹೇಳಿದೆ. ಅವರು ಗೋಡೆಯಿಂದ ಮುಖ ತಿರುಗಿಸಲಿಲ್ಲ.

“ದೋಣಿಗೆ ಹತ್ತಿಸೋರ್ಯಾರು ನನ್ನ?”

“ನೀವೇ ಹತ್ತಬೇಕು.”

“ನಾನೇ ಹತ್ತೋ ಅಂಥದ್ದು ಸಿಕ್ಕಿದ್ರೆ ತಾ. ಯಾರಾದ್ರೂ ಕಂಕುಳಿಗೆ ಕೈ ಹಾಕಿ ಎತ್ತಿದ್ರೋ, ಅವತ್ತಿಗೆ ಮುಗೀತು. ಇನ್ನೊಂದ್ಸಲ ಕೆರೆ ಅನ್ನಬ್ಯಾಡ.”

ಇದು ಅವರು ಹಾಕಿದ ಷರತ್ತು. ನಾನು ಒಪ್ಪಿಕೊಂಡೆ. ನಾನು ಹುಡುಕಬೇಕಾಗಿದ್ದ ದೋಣಿಯ ಗುಣ ಅದೊಂದೇ: ಮಡಚದ ಕಾಲಿನ ಒಬ್ಬ ಗಂಡಸು ಯಾರ ಕೈಯೂ ಇಲ್ಲದೆ ಅದನ್ನು ಹತ್ತಬೇಕು. ಇನ್ನೊಂದು ಗುಣ ನಮ್ಮ ಸೀಮೆಯೇ ಕೇಳುವಂಥದ್ದು. ಇಲ್ಲಿ ನೀರು ಒಂದೇ ಕಡೆ ನಿಲ್ಲುವ ಜಾತಿಯದ್ದಲ್ಲ. ಈ ವರ್ಷ ಈ ಕೆರೆ, ಬರುವ ವರ್ಷ ಯಾವುದೋ. ದೋಣಿ ನೀರಿದ್ದಲ್ಲಿಗೆ ಹೋಗಬೇಕು. ಹಾಗಾಗಿ ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರೈಲರ್ ಸಮೇತ ಬೇಕು. ಹೊಸದು ನಮ್ಮ ಕೈಗೆಟುಕುವುದಿಲ್ಲ, ಹಳೆಯದೇ ಆಗಬೇಕು.

ನನ್ನ ತಮ್ಮ ಕೊರಟಗೆರೆಯಲ್ಲಿ ಕೋಳಿ ಆಹಾರದ ಅಂಗಡಿ ಇಟ್ಟಿದ್ದಾನೆ. ಮೂಟೆ ಸಾಗಿಸುವ ಪಿಕಪ್ ಇದೆ, ಹಿಂದೆ ಕೊಕ್ಕೆ ಇದೆ. ಅವನಿಗೆ ಹೇಳಿದ್ದೇ ತಡ, ನನಗಿಂತ ಜೋರಾಗಿ ಹುಡುಕಲು ಶುರುಮಾಡಿದ. ಸುದ್ದಿ ನಮ್ಮ ಬೀದಿಗೆ ಹೇಗೆ ಮುಟ್ಟಿತೋ. ಹಾಲು ತರಲು ಹೋದರೆ ಅಂಗಡಿಯವನು, “ಏನ್ ಮೇಡಂ, ದೋಣಿ ತತ್ತೀರಂತೆ? ಬೆಟ್ಟದ್ ಮ್ಯಾಲೆ ಓಡಿಸ್ತೀರಾ ಹೆಂಗೆ?” ಎಂದ. ಮಧುಗಿರಿಯ ಏಕಶಿಲೆ ಬೆಟ್ಟ ಅವನ ಅಂಗಡಿಯ ನೆತ್ತಿಯ ಮೇಲೆಯೇ ಇದೆ.

“ಹೂಂ, ನಿಮ್ಮನ್ನ ಹುಟ್ಟು ಹಾಕೋಕೆ ಕರೀತೀವಿ” ಎಂದೆ. ಎಂದೆನೋ, ಎನ್ನಬೇಕಿತ್ತೆಂದು ಮನೆಗೆ ಬಂದಮೇಲೆ ಅಂದುಕೊಂಡೆನೋ.

ಮೊದಲನೆಯದು ಶಿರಾದ್ದು, ಆ ಕಿತ್ತಳೆ ಬಣ್ಣದ್ದು. ಹೆದ್ದಾರಿ ಪಕ್ಕದ ಗುಜರಿ ವ್ಯಾಪಾರಿ ಅದನ್ನು ಎಲ್ಲಿಂದಲೋ ತಂದಿದ್ದ. ರಬ್ಬರಿನದು, ಗಾಳಿ ತುಂಬಿಸುವಂಥದ್ದು. ಪಂಪು ತುಳಿದು ನಮ್ಮೆದುರೇ ಉಬ್ಬಿಸಿದ. ಅದಕ್ಕೊಂದು ಚಿಕ್ಕ ಟ್ರೈಲರೂ ಇತ್ತು.

“ನೋಡಿ ಆಪಾ, ಏಕ್‌ದಂ ಮಜ್‌ಬೂತ್ ಮಾಲು. ಮಡಚಿ ಮಂಚದ ಕೆಳಗೆ ಇಟ್ಕೋಬಹುದು. ಪಂಕ್ಚರ್ ಅನ್ನೋ ಸವಾಲೇ ಇಲ್ಲ.”

ತಮ್ಮ ಸುಮ್ಮನಿರಲಿಲ್ಲ. ಬೇಲಿಗೆ ಹೋಗಿ ಒಂದು ಜಾಲಿ ಕಡ್ಡಿ ಮುರಿದುಕೊಂಡು ಬಂದ. “ಸಾಬ್ರೇ, ನಮ್ ಕೆರೆ ಒಳಗೆಲ್ಲ ಇದೇ ಐತೆ. ನೀರ್ ಮುಚ್ಕೊಂಡೈತೆ ಅಷ್ಟೇಯ. ಒಂದ್ಸಲ ಹಿಂಗ್ ಚುಚ್ಚಿ ನೋಡ್ಲಾ?”

ವ್ಯಾಪಾರಿ ಎರಡೂ ಕೈ ಅಗಲಿಸಿ ದೋಣಿಯ ಮುಂದೆ ನಿಂತುಬಿಟ್ಟ. “ಅರೇ ಭಾಯ್, ಮೆಹರ್ಬಾನಿ ಮಾಡಿ ಆ ಕಡ್ಡಿ ಬಿಸಾಕಿ! ನೀವು ಖರೀದಿಗೆ ಬಂದಿದ್ದಾ, ಖೂನಿಗೆ ಬಂದಿದ್ದಾ?”

ನಾವೆಲ್ಲ ನಕ್ಕೆವು. ಅವನೂ ನಕ್ಕ. ನನ್ನ ಗಂಡ ನಗಲಿಲ್ಲ, ದೋಣಿಯ ಉಬ್ಬಿದ ಅಂಚನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಒತ್ತಿದರೆ ಒಳಗೆ ಹೋಗುತ್ತದೆ. ಕಾಲಿಟ್ಟರೆ ತಳವೂ ಕುಸಿಯುತ್ತದೆ. ಮಂಡಿ ಮಡಚುವವನಿಗೆ ಅದು ಆಟ. ಒಂಟಿಕಾಲಲ್ಲಿ ಭಾರ ಹೊರುವವನಿಗೆ ಊರಲು ಏನೂ ಇಲ್ಲ.

“ಇದು ದೋಣಿ ಅಲ್ಲ, ಹಾಸಿಗೆ” ಎಂದರು. “ಇದ್ರೊಳಿಕ್ಕೆ ನನ್ನ ಎತ್ತಿ ಮಲಗಿಸ್ಬೇಕಾಯ್ತದೆ.”

ಎರಡನೆಯದು ಕೊರಟಗೆರೆ ಹತ್ತಿರದ ತೋಟವೊಂದರಲ್ಲಿತ್ತು. ತೋಟದವರು ಅದನ್ನು ಅತಿಥಿಗಳಿಗೆಂದು ಕರಾವಳಿಯಿಂದ ತರಿಸಿ, ಅತಿಥಿಗಳು ಬಾರದೆ ಮೂಲೆಗೆ ನಿಲ್ಲಿಸಿದ್ದರು. ಮೋಟಾರು ಇತ್ತು. ತಮ್ಮನಿಗೆ ಮೋಟಾರು ಕಂಡ ಕೂಡಲೇ ಬುದ್ಧಿ ಹೋಯಿತು. “ಅಕ್ಕಾ, ಇದು ನೋಡಮ್ಮಿ ದೋಣಿ ಅಂದ್ರೆ! ಹಗ್ಗ ಎಳುದ್ರೆ ಬುರ್ರ್ ಅಂತದೆ!” ಅದರ ತಳ ಚೂಪು, ಸಮುದ್ರದ ಅಲೆ ಸೀಳುವುದಕ್ಕೆ ಮಾಡಿದ್ದು. ನಮ್ಮ ಕೆರೆಯಲ್ಲಿ ಅಷ್ಟು ಕೆಳಗಿಳಿಯುವ ತಳಕ್ಕೆ ಜಾಲಿಯ ಬೊಡ್ಡೆ ತಗಲುತ್ತದೆ, ಮೋಟಾರಿನ ರೆಕ್ಕೆಗೆ ಕೊಂಬೆ ಸುತ್ತುತ್ತದೆ. ನೆಲದ ಮೇಲೆ ನಿಲ್ಲಿಸಿದ್ದ ಅದರ ಅಂಚು ನನ್ನ ಸೊಂಟದವರೆಗೆ ಬರುತ್ತಿತ್ತು.

ನನ್ನ ಗಂಡ ಅಂಚು ಹಿಡಿದು ನಿಂತರು. ಎಡಗಾಲು ಎತ್ತಿದರು. ಬಲಗಾಲಿನ ಮೇಲೆ ಭಾರ ಬಿದ್ದಾಗ ಮೈ ವಾಲಿತು. ಕಾಲು ಕೆಳಗಿಳಿಸಿ, ಹಿಂದೆ ತಿರುಗಿ, ಅಂಚಿಗೆ ಬೆನ್ನು ಕೊಟ್ಟು ಕೈಯೂರಿ ಏರಲು ನೋಡಿದರು. ಆಗಲಿಲ್ಲ. ತಿರುಗಿ ನನ್ನ ಕಡೆ ನೋಡಿದರು. ತೋಟದಲ್ಲಿ ಮಡಿ ಕಟ್ಟುತ್ತಿದ್ದ ಮೂರ್ನಾಲ್ಕು ಜನ ಬಂದು ನಿಂತಿದ್ದರು. ಒಳ್ಳೆಯವರೇ.

“ಬುಡಿ ಸಾರ್, ನಾವ್ ಎತ್ತಿ ಕೂರುಸ್ತೀವಿ. ನಿಮ್ದೇನ್ ತೂಕ, ಒಂದ್ ಮೂಟೆ!” ಎಂದ ಒಬ್ಬ, ಆಗಲೇ ಕೈ ಚಾಚುತ್ತ.

ಅವರು ಆ ಕೈಯನ್ನು ಮೆಲ್ಲಗೆ ಸರಿಸಿ, ನಡೆದು ಹೋಗಿ ಪಿಕಪ್ಪಿನಲ್ಲಿ ಕೂತರು. ಕೂರುವುದೆಂದರೆ, ಬಾಗಿಲು ತೆರೆದೇ ಇಟ್ಟು, ಕಾಲು ಹೊರಗೆ ಚಾಚಿಕೊಂಡು. ಮನೆ ಬಾಗಿಲಲ್ಲಿ ಇಳಿದು, “ಬ್ಯಾಡ ಬುಡು ಇನ್ನ” ಎಂದರು.

ನಾನು ಬಿಡಲಿಲ್ಲ. ಇದನ್ನು ಧೈರ್ಯವೆಂದು ಬರೆಯಲು ಮನಸ್ಸಿಲ್ಲ. ನನಗೆ ಆ ಗೋಡೆಯ ಕಡೆ ತಿರುಗಿದ ಬೆನ್ನು ನೋಡಲು ಸಾಕಾಗಿತ್ತು. ಅಷ್ಟರಲ್ಲಿ ನನಗೆ ತಿಳಿದದ್ದೂ ಒಂದಿಷ್ಟಿತ್ತು: ರಬ್ಬರು ಬೇಡ, ಚೂಪು ತಳ ಬೇಡ, ಮೋಟಾರು ಬೇಡ. ತಳ ಚಪ್ಪಟೆಯಾಗಿರಬೇಕು, ಕಾಲಿಟ್ಟಾಗ ಒಂದೇ ಕಡೆಗೆ ವಾಲದಷ್ಟು ಅಗಲ ಇರಬೇಕು, ಅಂಚು ಮಂಡಿಗಿಂತ ಮೇಲಿರಬಾರದು. ಅಡುಗೆಮನೆಯ ಸ್ಟೂಲು ಅವರ ಮಂಡಿಯಷ್ಟೇ ಎತ್ತರ. ಅದನ್ನು ನೋಡಿ ನೋಡಿ ಆ ಎತ್ತರ ನನ್ನ ಕಣ್ಣಿಗೆ ಅಂಟಿಕೊಂಡಿತು. ಶಾಲೆಯಲ್ಲಿ ಗಣಿತ ಪಾಠ ಮಾಡುತ್ತಿರುವಾಗಲೂ ಬೆಂಚು, ಕಟ್ಟೆ, ಕಾಂಪೌಂಡು ಎಲ್ಲವನ್ನೂ ಆ ಎತ್ತರಕ್ಕೆ ಹಿಡಿದು ನೋಡುತ್ತಿದ್ದೆ.

ಮೂರನೆಯದು ಪಾವಗಡದ ಕಡೆಯದು. ಕೆರೆಯೊಂದರ ಮೀನು ಗುತ್ತಿಗೆ ಹಿಡಿದಿದ್ದವನ ದೋಣಿ. ಮೀನಿಗೆ ಮೇವು ಹಾಕಲು, ಬಲೆ ಬಿಡಲು ಇಟ್ಟುಕೊಂಡಿದ್ದು. ಅವನ ಕಡೆ ಕೆರೆ ಆಗಲೇ ತಳ ಕಂಡಿತ್ತು, ಗುತ್ತಿಗೆ ಬಿಟ್ಟಿದ್ದ. ನಾವು ಹೋದಾಗ ದೋಣಿ ಮನೆಯ ಹಿಂದೆ ಟ್ರೈಲರಿನ ಮೇಲೆಯೇ ನಿಂತಿತ್ತು. ಒಳಗೆ ಕಡಲೆಕಾಯಿ ಬಳ್ಳಿ ತುಂಬಿದ್ದರು, ಬಳ್ಳಿಯ ಮೇಲೊಂದು ಕೋಳಿ ಕಾವಿಗೆ ಕೂತಿತ್ತು.

“ರಂಡಿ ಮೇಡಂ, ರಂಡಿ” ಎಂದು ತೆಲುಗಿನಲ್ಲಿ ಒಳಗೆ ಕರೆದ. “ದೋಣಿ ಅಂದ್ರೆ ಇದು. ಒಕ್ಕ ಚುಕ್ಕ ಕೂಡಾ ಕಾರದು.” ಒಂದು ಹನಿಯೂ ಸೋರುವುದಿಲ್ಲವಂತೆ.

“ಕೋಳೀನೂ ಸೇರಿಸಿ ಕೊಡ್ತೀಯೇನಯ್ಯಾ?” ಎಂದ ತಮ್ಮ.

“ಕೋಳಿ ನನ್ನ ಹೆಂಡ್ತಿದು. ಕೇಳಿದ್ರೆ ನಿನ್ನೇ ಕಾವಿಗೆ ಕೂರಿಸ್ತಾಳೆ.”

ಫೈಬರಿನ ದೋಣಿ, ಚಪ್ಪಟೆ ತಳ, ಒಳ್ಳೆ ಅಗಲ, ಕೂರಲು ಮೂರು ಅಡ್ಡಹಲಗೆ. ಆದರೆ ಟ್ರೈಲರಿನ ಮೇಲಿದ್ದಾಗ ಅದರ ಅಂಚು ಎದೆಮಟ್ಟಕ್ಕಿತ್ತು. ಕೆಳಗಿಳಿಸಿದರೆ ಎಷ್ಟಾಗುತ್ತದೆ? ಇಳಿಸಲು ಎಂಟು ಜನ ಬೇಕು ಎಂದ ಅವನು. ಅದಕ್ಕಿಂತ ಮೊದಲು ಸೋರುತ್ತದೋ ಇಲ್ಲವೋ ನೋಡಬೇಕಲ್ಲ. ನೀರಿಗೆ ಬಿಟ್ಟು ನೋಡೋಣವೆಂದರೆ ಅಲ್ಲೆಲ್ಲೂ ನೀರಿಲ್ಲ.

ಆಗ ಯಾರೋ ಹೇಳಿದರು: ನೀರು ತುಂಬಿಸಿ ನೋಡಾಣ.

ಯಾರು ಹೇಳಿದ್ದು? ತಮ್ಮ ಹೇಳುತ್ತಾನೆ, ಆ ಪಾವಗಡದವನೇ ಅಂತ. ಪಾವಗಡದವನು ಆಣೆಯಿಟ್ಟು ಹೇಳುತ್ತಿದ್ದ, ನನ್ನ ತಮ್ಮನೇ ಅಂತ. ನನ್ನ ಗಂಡ ಎಂದು ಮಗಳು ಹೇಳುತ್ತಾಳೆ, ಅವಳು ಆವತ್ತು ನಮ್ಮ ಜೊತೆ ಬಂದಿರಲೇ ಇಲ್ಲ. ಈಗ ಬರೆಯುವಾಗ ಅನ್ನಿಸುತ್ತದೆ, ಯಾರೂ ಹೇಳಬೇಕಾಗಿರಲಿಲ್ಲ. ಡ್ರಮ್ಮು, ಸಂಪು, ಬಿಂದಿಗೆ, ನೀರಿಗೆ ಸಂಬಂಧಿಸಿದ ಯಾವ ವಸ್ತು ಕೊಂಡರೂ ನಮ್ಮ ಕಡೆ ನೀರು ತುಂಬಿಸಿಯೇ ನೋಡುವುದು. ನೀರನ್ನು ಹೊರಗಿಡಲು ಮಾಡಿದ ವಸ್ತುವನ್ನು ಅಲ್ಲಿದ್ದ ನಾವು ಯಾರೂ ಯಾವತ್ತೂ ಕೊಂಡಿರಲಿಲ್ಲ. ದೋಣಿಯನ್ನು ಸಂಪಿನ ಹಾಗೆ ಪರೀಕ್ಷಿಸಬಾರದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಕೋಳಿಯನ್ನು ಎಬ್ಬಿಸಿ, ಬಳ್ಳಿ ಎಳೆದುಹಾಕಿ, ಒಳಗೆ ಗುಡಿಸಿದರು. ತ್ರೀ ಫೇಸ್ ಕರೆಂಟಿತ್ತು. ಕೊಳವೆಬಾವಿಯ ಪೈಪು ತಂದು ದೋಣಿಯೊಳಗೆ ಬಿಟ್ಟರು. ನೀರು ಏರತೊಡಗಿತು. ತಮ್ಮ ಮಂಡಿಯೂರಿ ಕೆಳಗೆ ಬಗ್ಗಿ ನೋಡಿ, “ಒಣಾ ಒಣಾ ಐತೆ!” ಎಂದು ಕೂಗಿದ. ಪಾವಗಡದವನು ಮೀಸೆ ತೀಡಿದ. ಬೀದಿಯವರು ಒಬ್ಬೊಬ್ಬರಾಗಿ ಸೇರಿದರು. ಒಬ್ಬ ಹೆಂಗಸು ಸೊಂಟದ ಮೇಲೆ ಪ್ಲಾಸ್ಟಿಕ್ ಬಿಂದಿಗೆ ಇಟ್ಟುಕೊಂಡೇ ಬಂದಿದ್ದಳು.

“ಏಮಮ್ಮಾ, ಈ ನೀಳ್ಳು ವದಿಲೇಸ್ತಾರಾ?” ಎಂದು ನನ್ನನ್ನೇ ಕೇಳಿದಳು. ಇಷ್ಟು ನೀರನ್ನು ಸುಮ್ಮನೆ ಚೆಲ್ಲುತ್ತೀರಾ ಎಂದು.

ನಾನು ಇಲ್ಲವೆನ್ನುವಷ್ಟರಲ್ಲಿ ಬಿಂದಿಗೆ ಮುಳುಗಿಸಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಕೊಡ, ಬಕೆಟ್ಟು. ಒಂದು ಕಡೆಯಿಂದ ಪೈಪು ತುಂಬಿಸುತ್ತಿತ್ತು, ಇನ್ನೊಂದು ಕಡೆಯಿಂದ ಬೀದಿ ಖಾಲಿ ಮಾಡುತ್ತಿತ್ತು. “ಲೇ, ತುಂಬಾಗಂಟ ತಡೀರಮ್ಮ, ಟೆಸ್ಟಿಂಗ್ ನಡೀತಾ ಐತೆ!” ಎಂದು ತಮ್ಮ ಕೂಗಿಕೊಂಡ. ಯಾರು ಕೇಳುತ್ತಾರೆ. “ನೀನ್ ಟೆಸ್ಟ್ ಮಾಡ್ಕಳಪ್ಪ, ನಾವ್ ಹಿಡ್ಕಂತೀವಿ” ಎಂದಳು ಒಬ್ಬಳು.

ಆದರೂ ಪೈಪೇ ಗೆದ್ದಿತು. ನೀರು ಅಂಚಿನ ಹತ್ತಿರ ಬಂದಾಗ ಟ್ರೈಲರಿನ ಟೈರುಗಳು ಚಪ್ಪಟೆಯಾದದ್ದನ್ನು ನೋಡಿದವರು ನನ್ನ ಗಂಡ ಒಬ್ಬರೇ. “ನಿಲ್ಸ್ರೋ! ಮೋಟ್ರು ನಿಲ್ಸ್ರೋ!” ಎಂದು ಬಸ್ಸಿನಲ್ಲಿ ಕೂಗುತ್ತಿದ್ದ ದನಿಯಲ್ಲಿ ಕೂಗಿದರು. ಅಷ್ಟರಲ್ಲಿ ಕಬ್ಬಿಣ ನರಳಿದ ಸದ್ದು. ಟ್ರೈಲರಿನ ಅಡ್ಡಪಟ್ಟಿ ಬಾಗಿತು. ಇಡೀ ದೋಣಿ ಹಿಂದಕ್ಕೆ ಜಾರಿ, ಅದರ ಹಿಂಭಾಗ ದಢ್ ಎಂದು ನೆಲಕ್ಕೆ ಕೂತಿತು. ನೀರು ಒಂದೇ ಸಲ ಹಿಂದಕ್ಕೆ ನುಗ್ಗಿ ಬಿಂದಿಗೆಯವರನ್ನೆಲ್ಲ ತೋಯಿಸಿತು. ತಳದಲ್ಲಿ, ನಡುವೆ, ಉದ್ದಕ್ಕೆ ಒಂದು ಬಿರುಕು. ಅದರಿಂದ ಸಣ್ಣಗೆ ನೀರು ಇಳಿಯತೊಡಗಿತು.

“ಸೋರ್ತದೆ!” ಎಂದ ತಮ್ಮ, ಏನೋ ಗೆದ್ದವನ ಹಾಗೆ.

“ನುವ್ವೇ ಒಡೆದು ನುವ್ವೇ ಸೋರ್ತದೆ ಅಂತೀಯಾ?” ಎಂದ ಪಾವಗಡದವನು.

“ಏನಯ್ಯಾ, ದೋಣಿ ಆಗಿ ನೀರ್ ಕಂಡ್ರೆ ಒಡ್ದೋಯ್ತದಾ ನಿಂದು?”

“ನೀರಿನ ಮೇಲೆ ಇರೋದಯ್ಯಾ ದೋಣಿ! ದೋಣಿ ಮೇಲೆ ನೀರು ಇರ್ತದಾ?”

ಹೇಳಿದವನೂ ಸೇರಿ ಎಲ್ಲರೂ ಆ ಮಾತನ್ನು ಆಗತಾನೇ ಕೇಳಿಸಿಕೊಂಡಂತೆ ನಿಂತರು. ಆಮೇಲೆ ಮತ್ತೆ ಜಗಳ ಶುರುವಾಯಿತು. ಆ ಬಿರುಕು ಮೊದಲೇ ಇತ್ತೋ, ನಾವು ಮಾಡಿದ್ದೋ? ಅದು ಇವತ್ತಿಗೂ ಇತ್ಯರ್ಥವಾಗಿಲ್ಲ.

ನಾನು ಜಗಳದ ಕಡೆ ನೋಡುತ್ತಿರಲಿಲ್ಲ. ನನ್ನ ಗಂಡ ದೋಣಿಯ ಹಿಂಭಾಗದ ಬಳಿಗೆ ಹೋಗಿದ್ದರು. ಅದು ಈಗ ನೆಲದ ಮೇಲಿತ್ತು. ಅವರು ಅಂಚಿಗೆ ತಗಲುವ ಹಾಗೆ ನಿಂತು, ಬಗ್ಗಿ, ತಮ್ಮ ಮಂಡಿಯ ಮೇಲೊಂದು ಕೈ, ಅಂಚಿನ ಮೇಲೊಂದು ಕೈ ಇಟ್ಟು ನೋಡಿದರು. ಅಂಚಿನ ಮೇಲಿನ ಕೈ ಒಂಚೂರು ಕೆಳಗಿತ್ತು.

“ಇದೇ ಇರ್ಲಿ ಕಣೆ” ಎಂದರು.

ಅಲ್ಲಿಯವರೆಗೆ ಯಾವ ದೋಣಿಯ ಬಗ್ಗೆಯೂ ಅವರ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ತಮ್ಮ ಓಡಿ ಬಂದ. “ಭಾವ, ಒಡ್ದೋಗಿರೋದನ್ನ ಯಾರಾದ್ರೂ ತಗತಾರಾ? ಅಕ್ಕಾ, ನೀನಾರ ಹೇಳಮ್ಮಿ. ಲೆಕ್ಕದ ಮೇಡಂ ನೀನು!”

“ಇದೇ” ಎಂದೆ. “ಕೊಕ್ಕೆಗೆ ಕಟ್ಟು.”

ಒಡೆದ ಬೆಲೆಗೆ ಅವನು ಕೊಟ್ಟ, ಗೊಣಗಿಕೊಂಡೇ. ಬಾಗಿದ ಪಟ್ಟಿಗೆ ಅಲ್ಲೇ ಒಂದು ಕಬ್ಬಿಣದ ತುಂಡು ಕಟ್ಟಿ, ರಸ್ತೆಯಲ್ಲಿ ಎತ್ತಿನ ಗಾಡಿಯ ವೇಗದಲ್ಲಿ ತಂದೆವು. ನಡುವೆ ಒಂದೆರಡು ಕಡೆ ಜನ ಬಸ್ಸು ನಿಲ್ಲಿಸಿ ನೋಡಿದರು ಎಂದು ತಮ್ಮ ಹೇಳುತ್ತಾನೆ. ನಿಲ್ಲಿಸಿದ್ದನ್ನು ನಾನು ನೋಡಿಲ್ಲ.

ಮಧುಗಿರಿಯಲ್ಲಿ ರಿಪೇರಿ. ಬಸ್ಸುಗಳ ಮುಂಭಾಗದ ಫೈಬರ್ ಒಡೆದರೆ ಬಟ್ಟೆಯಂಥ ಹಾಳೆ ಹಾಸಿ, ಅಂಟು ಸುರಿದು ಕೂರಿಸುವುದನ್ನು ನನ್ನ ಗಂಡ ಡಿಪೋದಲ್ಲಿ ದಿನಾ ನೋಡಿದವರು. ಬೇಕಾದ ಸಾಮಾನು ತರಿಸಿ ತಾವೇ ಮಾಡಿದರು. ಅಂಗಳದಲ್ಲಿ ದೋಣಿಯನ್ನು ಬೋರಲು ಹಾಕಿಸಿ, ಪಕ್ಕದಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಉಜ್ಜುತ್ತಿದ್ದರು. ಭಾನುವಾರ ಇಡೀ ಉಜ್ಜಿದರು. ಟ್ರೈಲರಿನ ಪಟ್ಟಿಯನ್ನು ಬೆಸುಗೆಯವನಿಗೆ ಕೊಟ್ಟೆವು. ನಡುವಿನ ಅಡ್ಡಹಲಗೆಯನ್ನು ಗರಗಸದಿಂದ ಕೊಯ್ದು ತೆಗೆದು, ಬದಲಿಗೆ ಎರಡು ಪಕ್ಕಕ್ಕೂ ದಪ್ಪ ಪಟ್ಟಿ ಕೂರಿಸಿದರು. ಈಗ ಹಿಂದಿನ ಹಲಗೆಯ ಮೇಲೆ ಕೂತರೆ ಬಲಗಾಲು ಮುಂದಕ್ಕೆ ಉದ್ದಕ್ಕೂ ಚಾಚಬಹುದು. ಬಿರುಕು ಬಿಟ್ಟದ್ದರಿಂದಲೇ ಕಾಲಿಗೆ ಜಾಗವಾಯಿತು ಎಂದು ನೆಂಟರೊಬ್ಬರ ಮುಂದೆ ನಾನೇ ಒಮ್ಮೆ ಹೇಳಿದ್ದೇನೆ. ಅದು ಸುಳ್ಳು. ಬಿರುಕು ಬಿಡದಿದ್ದರೂ ಹಲಗೆ ಕೊಯ್ಯುತ್ತಿದ್ದೆವು.

ಅಂಗಳದಲ್ಲೇ ಒಮ್ಮೆ ಹತ್ತಿ ನೋಡಿ ಎಂದೆ. ಬೇಡ ಎಂದರು. “ನೆಲದ ಮ್ಯಾಲೆ ಹತ್ತೋದು ಹತ್ತೋದಲ್ಲ. ನೀರಲ್ಲಿ ಅಲ್ಲಾಡ್ತದೆ.”

ಕಳ್ಳಂಬೆಳ್ಳಕ್ಕೆ ಹೋದೆವು. ಆ ಕೆರೆಯ ಮೀನು ಗುತ್ತಿಗೆ ಹಿಡಿದವನನ್ನು ತಮ್ಮ ಮೊದಲೇ ಕೇಳಿಟ್ಟಿದ್ದ. ಬಲೆ ಬೇಡ, ಗಾಳವಾದರೆ ನಮ್ಮದೇನೂ ಅಡ್ಡಿಯಿಲ್ಲ ಎಂದಿದ್ದನಂತೆ. ಏರಿಯ ಕಡೆಯಿಂದ ದೋಣಿ ಇಳಿಸುವ ಹಾಗಿಲ್ಲ, ಕಡಿದು. ಸುತ್ತಿ ಬಳಸಿ ಕೆರೆಯಂಗಳದ ಕಡೆಯಿಂದ ಹೋದೆವು. ಅಲ್ಲಿ ನೆಲ ಸ್ವಲ್ಪಸ್ವಲ್ಪವೇ ನೀರಿಗೆ ಇಳಿಯುತ್ತದೆ. ಮಗಳು ತೇಲುವ ಜಾಕೆಟ್ಟುಗಳನ್ನು ಎಲ್ಲರಿಗೂ ತೊಡಿಸಿದಳು. ತಮ್ಮನಿಗೆ ಅದರ ಬೆಲ್ಟು ಹೊಟ್ಟೆಗೆ ಸಾಲಲಿಲ್ಲ. “ಮಾವ, ನಿಂಗೆ ಬೇಡ ಬಿಡು, ನೀನು ಹಂಗೇ ತೇಲ್ತೀಯ” ಎಂದಳು.

ತಮ್ಮ ಪಿಕಪ್ಪನ್ನು ಹಿಂದಕ್ಕೆ ತಂದ. ನನ್ನ ಗಂಡ ಪಕ್ಕದಲ್ಲಿ ನಿಂತು, “ಬರ್ಲಿ, ಬರ್ಲಿ, ಲೆಫ್ಟು, ಇನ್ನೂ ಬರ್ಲಿ, ಹೋಲ್ಡಾನ್!” ಎಂದರು. ಹೋಲ್ಡಾನ್ ಎನ್ನುವುದು ತಡವಾಯಿತೋ, ತಮ್ಮ ಕೇಳಿಸಿಕೊಳ್ಳುವುದು ತಡವಾಯಿತೋ, ಟ್ರೈಲರಿನ ಚಕ್ರದ ಜೊತೆ ಪಿಕಪ್ಪಿನ ಹಿಂದಿನ ಚಕ್ರವೂ ಕೆರೆಯ ಗೋಡುಮಣ್ಣಿನಲ್ಲಿ ಹೂತಿತು. ದೋಣಿ ಮಾತ್ರ ತಳ್ಳಿದ ಕೂಡಲೇ ಜಾರಿಕೊಂಡು ನೀರಿಗೆ ಹೋಯಿತು. ತೇಲಿತು. ನಾವು ನಾಲ್ಕೂ ಜನ ಬಗ್ಗಿ ಅದರ ಒಳಗಿನ ತಳ ನೋಡಿದೆವು. ಒಣಗಿಯೇ ಇತ್ತು.

ತಮ್ಮ ಬೈದುಕೊಂಡು ಟ್ರ್ಯಾಕ್ಟರು ಹುಡುಕಲು ಊರ ಕಡೆ ನಡೆದ. ದೋಣಿಯ ಹಗ್ಗವನ್ನು ಒಂದು ಜಾಲಿ ಬೊಡ್ಡೆಗೆ ಕಟ್ಟಿದೆವು. ನನ್ನ ಗಂಡ ನೀರಿಗೆ ಇಳಿದು ದೋಣಿಯ ಪಕ್ಕ ನಿಂತರು. ಅಂಚು ಮಂಡಿಯ ಹತ್ತಿರವೇ ಇತ್ತು. ಅಂಚು ಹಿಡಿದರು. ದೋಣಿ ಸರಿಯಿತು. ಕೈಬಿಟ್ಟರು. ಮತ್ತೆ ಹಿಡಿದರು. ಆಮೇಲೆ ನಮ್ಮ ಕಡೆ ನೋಡಿದರು.

ಕೊರಟಗೆರೆಯ ತೋಟದಲ್ಲೂ ಅವರು ಹೀಗೇ ತಿರುಗಿ ನೋಡಿದ್ದರು. ಆವತ್ತು ನಾನು ಅವರ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಈಗ ತಿರುಗಿ ನೀರಿಗೆ ಬೆನ್ನು ಮಾಡಿದೆ. ಮಗಳ ಭುಜ ಹಿಡಿದು ಅವಳನ್ನೂ ತಿರುಗಿಸಿದೆ.

“ಅಮ್ಮ, ಅಪ್ಪ ಬಿದ್ರೆ?” ಎಂದಳು ಪಿಸುದನಿಯಲ್ಲಿ.

“ಬಿದ್ರೆ ಶಬ್ದ ಬರುತ್ತೆ.”

ಶಬ್ದಗಳು ಬಂದವು. ನೀರು ಕಲಕಿದ್ದು. ಒಂದು ಉಸಿರು. ಹಲಗೆಗೆ ಏನೋ ತಾಗಿದ್ದು. ಆಮೇಲೆ ಒಂದು ದೊಡ್ಡ ಸದ್ದು, ಹುಟ್ಟು ನೀರಿಗೆ ಬಡಿದ ಹಾಗೆ, ಇಲ್ಲವೇ ಮನುಷ್ಯ ಬಿದ್ದ ಹಾಗೆ. ಮಗಳು ತಿರುಗಲು ಹೋದಳು, ನಾನು ಬಿಡಲಿಲ್ಲ. ನನ್ನ ಬೆರಳಿನ ಗುರುತು ಅವಳ ಭುಜದ ಮೇಲೆ ಸಂಜೆಯವರೆಗೆ ಇತ್ತಂತೆ. ಅದೇ ಹೊತ್ತಿಗೆ ಒಂದು ಮಂದೆ ಕುರಿ ನೀರು ಕುಡಿಯಲು ಬಂತು. ಕುರಿಯವನು, “ಏನ್ ಸಾರ್, ಮೀನಾ?” ಎಂದದ್ದು ಕೇಳಿಸಿತು. ನನ್ನ ಗಂಡ ಏನೋ ಹೇಳಿದರು. ಕುರಿಗಳ ಗಲಾಟೆಯಲ್ಲಿ ಮುಂದಿನದು ಕೇಳಿಸಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ.

“ಆಯ್ತು, ತಿರುಗ್ರೆ” ಎಂದರು.

ಹಿಂದಿನ ಹಲಗೆಯ ಮೇಲೆ ಕೂತಿದ್ದರು. ಬಲಗಾಲು ಮುಂದಕ್ಕೆ, ನೇರ. ಅಂಗಿಯ ಎಡಭಾಗ ಭುಜದವರೆಗೆ ಒದ್ದೆ. ಕುರಿಯವನು ಆಗಲೇ ಮಂದೆಯ ಜೊತೆ ಹಿಂದಕ್ಕೆ ಹೊರಟಿದ್ದ, ಅವನ ಪಂಚೆಯೂ ಒದ್ದೆಯಾಗಿತ್ತು. ಕುರಿಗೆ ನೀರು ಕುಡಿಸಲು ಇಳಿದವನ ಪಂಚೆ ಒದ್ದೆಯಾಗುವುದರಲ್ಲಿ ವಿಶೇಷವೇನಿಲ್ಲ.

ನಾವಿಬ್ಬರೂ ಹತ್ತಿದೆವು. ಮಗಳು ಹುಟ್ಟು ಹಾಕಿದಳು, ಒಂದೇ ಜಾಗದಲ್ಲಿ ಸುತ್ತಿಸಿದಳು, ಬೈಸಿಕೊಂಡಳು, ಕಲಿತಳು. ಮುಳುಗಿದ ಜಾಲಿಯ ತುದಿಗಳು ತಳಕ್ಕೆ ಸವರಿಕೊಂಡು ಹೋದವು, ಎಲ್ಲೂ ಹಿಡಿಯಲಿಲ್ಲ. ಅವರು ಮುದ್ದೆಯ ಚೂರು ಸಿಕ್ಕಿಸಿ ಗಾಳ ಬಿಟ್ಟರು. ಎರಡು ಜಿಲೇಬಿ ಮೀನು, ಅಂಗೈಯಷ್ಟು ಅಗಲದವು. ತಮ್ಮ ಟ್ರ್ಯಾಕ್ಟರು ತಂದು ದಡದಿಂದ ಕೂಗುತ್ತಿದ್ದ, “ಲೇ, ನನ್ ಬುಟ್ಟು ಹೋಗ್ಬುಟ್ರಾ!” ಎಂದು. ನಾವು ಬೇಗ ತಿರುಗಲಿಲ್ಲ.

ಆಮೇಲೆ ಎಷ್ಟೋ ಭಾನುವಾರ ಹೋಗಿದ್ದೇವೆ. ಪ್ರತಿ ಸಲವೂ ದೋಣಿ ನೀರಿಗೆ ಬಿಟ್ಟ ಮೇಲೆ ನಾನು, ಮಗಳು ನೀರಿಗೆ ಬೆನ್ನು ಮಾಡಿ ನಿಲ್ಲುತ್ತೇವೆ. ಯಾರೂ ಹೇಳಿ ಮಾಡಿದ ಪದ್ಧತಿಯಲ್ಲ. ಕೆಲವು ಸಲ ಅಂಗಿ ಒದ್ದೆ, ಕೆಲವು ಸಲ ಒಣ. ಬೇರೆಯವರು ಕೇಳಿದರೆ ಅವರು, “ಹತ್ತುದೆ, ಅಷ್ಟೇಯ” ಎನ್ನುತ್ತಾರೆ. ನಾನು ಕೇಳಿಲ್ಲ. ಕೇಳಿದರೆ ಹೇಳಿಯಾರು, ಹೇಳಿದ್ದು ನಿಜವೂ ಆಗಿರಬಹುದು. ಆ ಮೊದಲ ದಿನ ಅವರು ಒಬ್ಬರೇ ಹತ್ತಿದರೋ, ಬಿದ್ದು ಎದ್ದು ಹತ್ತಿದರೋ, ಕುರಿಯವನ ಭುಜ ಹಿಡಿದರೋ, ನನಗೆ ಗೊತ್ತಿಲ್ಲ.